ಎದಿಮಟ್ಟ ನೀರಾಗ

ದವಾಖಾನಿ ಚೀಟಿಯಾಗ ಅವನ ಹೆಸರು ಆಲ್ಬರ್ಟ್.
ನನ್ನ ನಾಲಿಗಿಗೆ ಅದು ಹೊಳ್ಳಂಗಿಲ್ಲ,
ಅಲಬತ್ ಅಂತೀನಿ.
ಅಲಬತ್ ಅಂದ್ರ ನಮ್ಮ ಕಡೆ ‘ಖರೇನ ಮತ್ತ’.
ಬಾಲ ಆಡಿಸಿ ಅವನೂ ಒಪ್ಯಾನ.

ಹನ್ನೆರಡು ವರ್ಷದ ಲ್ಯಾಬ್ರಡಾರ್.
ಬೊಗ್ಮಾಲೊ ಗುಡ್ಡದ ಮ್ಯಾಲಿನ ಈ ಮನಿಗೆ
ಸಾಹೇಬ್ರು ತಿಂಗಳಿಗೊಮ್ಮೆ ಬರ್ತಾರ.
ಉಳಿದ ದಿವಸ ಮನಿ ಅವಂದು, ಕೀಲಿ ನಂದು.

ಮುಂಜಾನೆ ಏಳೂದಂದ್ರ ಅವಗೊಂದು ದೊಡ್ಡ ಕಾರಭಾರ.
ಮುಂದಿನ ಕಾಲು ಚಾಚ್ತಾನ,
ವಿಚಾರ ಮಾಡ್ತಾನ,
ಟೊಂಕ ಎತ್ತಾಕ ಹೋಗಿ ಫರಸಿ ಮ್ಯಾಲ ಜಾರ್ತಾನ.
ಆವಾಗ ನನ್ನ ಮುಖ ನೋಡಂಗಿಲ್ಲ,
ಗ್ವಾಡಿ ನೋಡ್ತಾನ.
ನಾನೂ ಚಾದ ಭಾಂಡಿ ನೋಡ್ತೀನಿ.

ಫ್ರಿಜ್ಜಿನ ಮ್ಯಾಲ ಯಾದಿ ಅಂಟಿಸ್ಯಾರ.
ಓದಾಕ ಬರಂಗಿಲ್ಲ ನನಗ, ಬಣ್ಣ ನೆನಪಿಟ್ಟೀನಿ:
ಬಿಳಿ ಗುಳಿಗಿ ಒಂದು, ಕೂಳಿನ ಜೋಡಿ.
ಮೀನೆಣ್ಣಿ ಕ್ಯಾಪ್ಸೂಲ್, ಸೂಜಿಲೆ ಚುಚ್ಚಿ ಹಿಂಡೂದು.
ಹಸರ ಪುಡಿ ಅರ್ಧ ಚಮಚ,
ಶಿಣಾಣಿ ಚಿಪ್ಪಿನ ಮಾಂಸ ಒಣಗಿಸಿ ಕುಟ್ಟಿದ್ದಂತ,
ಭೂಮಿಯ ಆ ತುದಿಯಿಂದ ವಿಮಾನ ಹತ್ತಿ ಬಂದದ್ದು.
ಇಲ್ಲೇ ಕೆಳಗ ಕರಿ ಬಂಡಿ ಮ್ಯಾಲ ಕುಂತು
ರೊಸಾಲಿನ್ ಬಾಯಿ ಅದರ ಬೀಗರನ್ನ ಕೊಯ್ತದಲೆ ಕೆರದು
ಬುಟ್ಟಿ ತುಂಬತಾಳ.
ಡಬ್ಬಿ ತೋರಿಸಿ ರೇಟು ಹೇಳಿದೆ.
ಮೂಸಿ ನೋಡಿ
ಕೊಂಕಣಿಯಾಗ ನಕ್ಕಳು.

ಡಾಕ್ಟರ್ ಪಿಯೆದಾದ್ ಬಾಯಿ ಮಾತ್ರ ನಗಲಿಲ್ಲ.
‘ಪುಡಿ ಹತ್ತಿದ್ರ ಹತ್ತೀತು, ಇಲ್ಲಂದ್ರ ಇಲ್ಲ,
ಎರಡು ತಿಂಗಳು ನೋಡೂಣು.
ಮೊದಲಿನ ಔಷಧ ತೂಕ ಇಳಿಸೂದು.
ಇವಗ ತುಪ್ಪದ ರೊಟ್ಟಿ ಹಾಕೋರು ಯಾರು?’
ಫ್ಯಾನ್ ತಿರಗತಿತ್ತು.
ಅಲಬತ್ ನನ್ನ ನೋಡಿದ.

ಇನ್ನೊಂದು ಮಾತು ಅಂದ್ರು ಆಕಿ:
‘ಮನಶ್ಯಾರ ನೋವಿನ ಗುಳಿಗಿ ಕೊಡಬ್ಯಾಡ್ರಿ ಮತ್ತ,
ಹೊಟ್ಟಿ ಸುಡತೈತಿ, ಕಿಡ್ನಿ ಕೆಡತೈತಿ.’
ಆವತ್ತು ನನ್ನ ಸೆರಗಿನ ಗಂಟಿನಾಗ
ಜುವಾರಿನಗರದ ಕಂಪೌಂಡರ್ ಕೊಟ್ಟ ಕೆಂಪು ಗುಳಿಗಿ,
ನನ್ನ ಮೊಣಕಾಲಿಂದು.
ಹಿಂದಿನ ರಾತ್ರಿ ಮಳಿಯಾಗ ಅವ ನಳ್ಳೂದು ತಡೀಲಾರದ
ಅರ್ಧ ಮುರದು ಪಾವಿನಾಗ ಸುತ್ತಿ ಕೊಟ್ಟಿದ್ದೆ.
ಪಾವು ತಿಂದ, ಗುಳಿಗಿ ಉಗುಳಿದ.
ಶಾಣ್ಯಾ.
ಡಾಕ್ಟರ್ ಮುಂದ ನಾ ಏನೂ ಹೇಳಲಿಲ್ಲ.
ಗಂಟು ಇನ್ನಷ್ಟು ಬಿಗಿ ಮಾಡಿಕೊಂಡೆ.

ಹದಿನೇಳು ವರ್ಷ ಚಿರೆಕಲ್ಲು ಹೊತ್ತ ಕಾಲು ನಂದು.
ಪಾವಟಿಗಿ ಇಳಿಯೂ ಮುಂದ
ನಾನು ಕಟಕ್ ಅಂತೀನಿ, ಅವನ ಉಗುರು ಟಿಕ್ ಅಂತಾವ.
ರಾತ್ರಿ ಹಂಚಿನ ಮ್ಯಾಲ ಅರಬಿ ಬಿಸಿ ಮಾಡಿ
ಅವನ ಟೊಂಕಕ್ಕ ಕಾವು ಕೊಡ್ತೀನಿ.
ಅರಬಿ ಇನ್ನೂ ಬೆಚ್ಚಗಿದ್ರ, ದಂಡ ಯಾಕ ಅಂತ...

‘ನೀರಾಗ ನಡಸ್ರಿ ನಿಂಬೆವ್ವ, ದಿನಾ ಇಪ್ಪತ್ತು ನಿಮಿಷ.
ನೀರು ಅವನ ಭಾರ ಹೊರತೈತಿ.’

ಸಮುದ್ರದ ದಂಡಿಮ್ಯಾಲ ಇಷ್ಟು ವರ್ಷ ಇದ್ದು
ಪಾದದ ಮ್ಯಾಲ ನಾನು ನೀರಿಗೆ ಇಳದಾಕಿ ಅಲ್ಲ.
ಮಳಿ ಮುಗದು ತೆರಿ ಸಣ್ಣಾಗಿದ್ದವು.
ಅವನ ಹೊಟ್ಟಿ ಕೆಳಗ ಟಾವೆಲ್ ಹಾಕಿ ಹಿಡಕೊಂಡು
ಮೊದಲ ಹಿಮ್ಮಡ, ಆಮ್ಯಾಲ ಮೀನಖಂಡ,
ಸೀರಿ ಬಲೂನಿನಗತೆ ಉಬ್ಬಿ,
ಅಯ್ಯ ಶಿವನ, ನಗಿ ಬಂತು.
ಅವನ ಎದಿಮಟ್ಟ ಬಂದಕೂಡ್ಲೆ
ಟಾವೆಲ್ ಹಗುರಾತು.
ಮೂಗು ಮ್ಯಾಲ ಮಾಡಿ ಅವ ನಡದ,
ಕುಂಟದ.

ನನಗ ಒಂದು ತಾಸಿನ ಮ್ಯಾಲ ಗೊತ್ತಾತು,
ಕಟಕ್ ಅನ್ನೂ ಸಪ್ಪಳ ಇಲ್ಲಂತ.
ಇಪ್ಪತ್ತು ನಿಮಿಷ ಎಂದೋ ಮುಗದಿತ್ತು.
ಯಾರೂ ಚೀಟಿ ಬರದಿದ್ದಿಲ್ಲ ನನಗ.

ಹೊರಗ ಬರೂ ಮುಂದ
ದಂಡಿ ನಮ್ಮ ತೂಕ ನಮಗ ಹೊಳ್ಳಿ ಕೊಟ್ಟಿತು,
ಉಸುಕು ಹತ್ತಿ, ತಪ್ಪಡಿ, ಪೂರಾ.
ಅವ ಮೈ ಝಾಡಿಸಿದ.
ಸೀರಿ ಹಿಂಡಿಕೊಂಡು ಗುಡ್ಡ ನೋಡಿದೆ.
ನಲವತ್ತಮೂರು ಪಾವಟಿಗಿ.
ನಡಿ, ಅಂದೆ.
ಅಂವ ಮೊದಲು ಗ್ವಾಡಿ ನೋಡಿದ.