ಬೆರಳಚ್ಚು

ತಾಮ್ಹಣೆ ಬಾಯಿಯವರ ಚೇಂಬರು ಫೋರ್ಟಿನಲ್ಲಿ,
ಮೂರನೆಯ ಮಾಳಿಗೆ. ಲಿಫ್ಟು ಎರಡಕ್ಕೇ ನಿಲ್ಲುತ್ತದೆ.
ಉಳಿದ ಹದಿನೆಂಟು ಮೆಟ್ಟಿಲಲ್ಲಿ
ದೊಡ್ಡವರು ಏದುಸಿರು ಬಿಡುತ್ತಾರೆ, ನಾನು ಒಳಗೆ ಕೂತು ಎಣಿಸುತ್ತೇನೆ.
ಮಂತ್ರಿಯ ಭಾವಮೈದ, ಸಿನಿಮಾಕ್ಕೆ ದುಡ್ಡು ಹಾಕುವವನು,
ಸಕ್ಕರೆ ಕಾರ್ಖಾನೆಯ ಚೇರಮನ್:
ಬಾಗಿಲಿಗೆ ಬರುವಾಗ ಎಲ್ಲರಿಗೂ ಒಂದೇ ಬೆವರು.

ಬಾಯಿ ಯಾರನ್ನೂ ಕೇಳುವುದಿಲ್ಲ, ಮಾಡಿದಿರಾ ಎಂದು.
ಊಟ ಆಯಿತೇ, ಬಿ.ಪಿ. ಮಾತ್ರೆ ಜೊತೆಗಿದೆಯೇ,
ಫೋನು ಈಗ ಯಾರ ಹತ್ತಿರ,
ಇಷ್ಟೇ.
ಆಮೇಲೆ ನನ್ನ ಕಡೆ ತಿರುಗಿ: ಬಿದರಿ, ಲಿಹಾ.

ಇಪ್ಪತ್ತೊಂಬತ್ತು ವರ್ಷ ಬರೆದೆ,
ಮೊದಲು ರೆಮಿಂಗ್ಟನ್ನಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ.
ತಳ್ಳಿದ ಎಂದು ಪೊಲೀಸರು ಬರೆದದ್ದು
ಬಾಯಿಯ ಬಾಯಲ್ಲಿ ಬಿದ್ದ ಎಂದಾಗುತ್ತದೆ,
ಎರಡನೆಯ ಕರಡಿನಲ್ಲಿ ಬೀಳುವಿಕೆ,
ಮೂರನೆಯದರಲ್ಲಿ ಸದರಿ ಘಟನೆ.
ಇಂಗ್ಲಿಷಿನಲ್ಲಿ ಇದು ಸಲೀಸು. ಮಾಡಿದವನು
ವಾಕ್ಯದ ಹಿಂಬಾಗಿಲಿಂದ ಹೋಗಿಬಿಡುತ್ತಾನೆ.
ಹಾಗೆ ಕನ್ನಡದಲ್ಲಿ ಬರೆದಿದ್ದರೆ
ಜತ್ತದ ಶಾಲೆಯ ಮಾಸ್ತರು ಕಿವಿ ಹಿಂಡುತ್ತಿದ್ದರು:
ಯಾರು ಮಾಡಿದ್ದಲೇ? ಕರ್ತೃಪದ ಎಲ್ಲಿ ನುಂಗಿದಿ?

ಕಪಾಸಿಯವರ ಮಗನ ಕೇಸು.
ವಾಲ್ಕೇಶ್ವರದ ಗಚ್ಚಿ, ಹುಟ್ಟುಹಬ್ಬ, ರಾತ್ರಿ ಎರಡೂಕಾಲು.
ಟ್ರೇ ಹಿಡಿದಿದ್ದ ಹುಡುಗ ಬಿಪಿನ್ ಮಾಝಿ
ಕೆಳಗೆ ಕಾರುಗಳ ನಡುವೆ ಸಿಕ್ಕಿದ.
ನೋಡಿದವನು ಒಬ್ಬನೇ, ಎದುರು ಕಟ್ಟಡದ ವಾಚಮನ್,
ಶಹಾಪುರದ ಕಡೆಯ ಮಾಪಣ್ಣ.

ಬಾಯಿ ದನಿ ಏರಿಸಲಿಲ್ಲ. ಅವರು ಏರಿಸುವುದಿಲ್ಲ.
ಕನ್ನಡಕ ಯಾವಾಗ ಮಾಡಿಸಿದ್ದು? ಮಾಡಿಸಿಲ್ಲ.
ಗಚ್ಚಿಯ ದೀಪ ಯಾವ ಬಣ್ಣ? ನೀಲಿ, ಒಮ್ಮೊಮ್ಮೆ ಕೆಂಪು.
ಕೈ ಕಂಡಿತು ಅಂದಿರಿ, ಎಡದ್ದೋ ಬಲದ್ದೋ?
ನೂಕಲು ಚಾಚಿದ್ದೋ, ಹಿಡಿಯಲು ಚಾಚಿದ್ದೋ?
ಮಾಪಣ್ಣ ತನ್ನ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡ.
ಅಷ್ಟು ಹೊತ್ತೂ ಕೋರ್ಟಿನಲ್ಲಿ ಫ್ಯಾನಿನ ಸದ್ದು ಮಾತ್ರ.
ಗೊತ್ತಾಗವಲ್ದು, ಅಂದ.
ದುಭಾಷಿ ಅದನ್ನು ಮೂರು ಇಂಗ್ಲಿಷ್ ಪದ ಮಾಡಿದ.

ಹೊರಗೆ ನಲ್ಲಿಯ ಹತ್ತಿರ
ನನ್ನ ಮಾತಿನ ಜಾಡು ಹಿಡಿದು ಬಂದ:
ಯಪ್ಪಾ, ನಾ ಸುಳ್ಳ ಹೇಳೀನೇನು?
ಇಲ್ಲ, ಅಂದೆ.
ಮತ್ತ ಎಲ್ಲಾರೂ ಯಾಕ ಹಂಗ ನೋಡಿದ್ರು?
ನೀರು ಕುಡಿ, ಅಂದೆ.

ಅವತ್ತು ಸಂಜೆ ಬಾಯಿಯ ಬಟಾಟೆ ವಡೆ ತಟ್ಟೆಯಲ್ಲೇ ತಣ್ಣಗಾಯಿತು.
ಅವನು ನೋಡಿರಬಹುದು, ಬಿದರಿ. ಆದರೆ
ಇರಬಹುದು ಎಂಬ ಪದಕ್ಕೆ ಯಾರನ್ನೂ ಜೈಲಿಗೆ ಕಳಿಸಬಾರದು.
ಸರಿಯಾದ ಮಾತು.
ಈಗಲೂ ಸರಿ ಅನಿಸುತ್ತದೆ, ಹಗಲು ಹೊತ್ತಿನಲ್ಲಿ.

ಮೊನ್ನೆ ಡೊಂಬಿವಲಿಯ ಬ್ಯಾಂಕಿನಲ್ಲಿ
ಗಾಜಿನ ಮೇಲೆ ಬೆರಳಿಟ್ಟರೆ ಯಂತ್ರ ಒಲ್ಲೆ ಅಂದಿತು.
ಒರೆಸಿ ಇಟ್ಟೆ. ಕೂದಲಿನ ಎಣ್ಣೆಗೆ ಸವರಿ ಇಟ್ಟೆ. ಹತ್ತೂ ಬೆರಳು.
ಗೆರೆ ಸವೆದಿವೆ ಕಾಕಾ, ಅಂದಳು ಹುಡುಗಿ, ಏನು ಕೆಲಸ?
ಟೈಪಿಂಗು.
ನಮ್ಮ ಭಾಷೆಯಲ್ಲಿ ಅದಕ್ಕೂ ಇದಕ್ಕೂ ಒಂದೇ ಪದ
ಎಂದು ಮರಾಠಿಯಲ್ಲಿ ಹೇಳಲು ಹೋಗಿ ಬಿಟ್ಟೆ,
ಹಿಂದೆ ಸಾಲು ಉದ್ದವಿತ್ತು.

ಬಾಯಿಗೆ ಹೇಳಿದರೆ ಕಣ್ಣೀರು ಬರುವಷ್ಟು ನಕ್ಕರು:
ಗುರುತು ಸಿಗದ ಬೆರಳು!
ನಮ್ಮ ಕಕ್ಷಿದಾರರು ಕೋಟಿ ಕೊಟ್ಟಾರು, ಬಿದರಿ.
ನಾನೂ ನಕ್ಕೆ.

ಆಮೇಲೆ ಹಳೆಯ ಫೈಲು ಕಟ್ಟುವಾಗ
ಕೆಂಪು ಬಟ್ಟೆಯೊಳಗಿಂದ ಆ ಸಾಕ್ಷಿಯ ನಕಲು ಪ್ರತಿ ಜಾರಿತು.
ಪುಟದ ಕೊನೆಗೆ ಮಾಪಣ್ಣನ ಹೆಬ್ಬೆಟ್ಟು.
ಜೆರಾಕ್ಸಿನಲ್ಲೂ ಒಂದೊಂದು ಗೆರೆ ಬಿಡಿಬಿಡಿ,
ಆಗತಾನೆ ಕುಂಟೆ ಹೊಡೆದ ಹೊಲದ ಹಾಗೆ,
ನಡುವೆ ಒಂದು ಸುಳಿ.
ಎಷ್ಟು ಹೊತ್ತು ನೋಡಿದೆನೋ,
ಒಂಬತ್ತು ಹತ್ತರ ಫಾಸ್ಟ್ ಲೋಕಲ್ ತಪ್ಪಿತು.