ಬಸುರಿಗುಂಡು

ಮೂರು ವಿಮಾನ ಬದಲಿಸಿ, ಬೆನ್ನಿಗೆ ಹಾಸಿಗೆ ಕಟ್ಟಿಕೊಂಡು
ಸಾಣಾಪುರಕ್ಕೆ ಬಂದ ಯಾನೆಕ್,
ನಮ್ಮೂರ ಗುಂಡು ಹತ್ತಲಿಕ್ಕೆ.
ಅಪ್ಪ ನಕ್ಕ: "ಒಡಿಯಾರ್ನ ಕಂಡೀನಿ,
ಹತ್ತಿ ಸುಮ್ಮನ ಇಳಿಯಾರ್ನ ಇವತ್ತ ನೋಡಿದ್ದು."

ಮೊದಲ ವಾರ ನಾನು ಬರೀ ಹಾಸಿಗೆ ಹೊತ್ತೆ,
ದಿನಕ್ಕೆ ನೂರೈವತ್ತು.
ಆಮೇಲೆ ಬೂಟು ಕೊಟ್ಟ, ಒಂದಳತೆ ಚಿಕ್ಕದು.
ಬೆರಳ ತುದಿಯ ತೊಗಲು ಹೋಯಿತು;
ಉಪ್ಪಿನಕಾಯಿ ಮುಟ್ಟಿದರೆ ಕಣ್ಣಲ್ಲಿ ನೀರು.

ಒಂದು ದಿನ ನನ್ನ ಟಿವಿಎಸ್ಸು, ಸೀಮೆಎಣ್ಣೆ ಸ್ಟೌ,
ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ
ಮಲಿಯಾಬಾದಿನ ಗುಡ್ಡದ ಮೇಲೆ ಮಲಗಿದೆವು.
ಹಗಲೆಲ್ಲ ಸಾಲ ತಂದ ಬಿಸಿಲನ್ನು ಬಂಡೆ
ನಡುರಾತ್ರಿಯವರೆಗೂ ನಮ್ಮ ಬೆನ್ನಿಗೆ ತೀರಿಸುತ್ತಿತ್ತು.
"ನಿನಗಿದು ಪರದೇಶ ಅಲ್ಲವಲ್ಲ" ಅಂದ.
ರಾಯಚೂರು ಸೀಮೆ ನಾನು ಕಂಡದ್ದೂ ಅವತ್ತೇ.

ಅವನ ಡೈರಿಯಲ್ಲಿ ನಮ್ಮೂರ ಗುಂಡಿಗೆ
ಯಾವುದೋ ಹೆಸರು, ಯಾವುದೋ ನಂಬರು.
ಅಜ್ಜಿ ಅದಕ್ಕೆ ಬಸುರಿಗುಂಡು ಅಂತಾಳೆ ಅಂದೆ.
ಬರೆದುಕೊಂಡ, ತಪ್ಪಾಗಿ.

ಈಗ ಅವನು ಬಿಟ್ಟುಹೋದ ಬಿಳಿ ಪುಡಿ ಬಳಿದು
ಹೊಟ್ಟೆಯವರೆಗೂ ಹತ್ತುತ್ತೇನೆ. ಅಲ್ಲಿ ಕೈ ತಡಕಾಡುತ್ತದೆ.
ಕೆಳಗೆ ಬೀಡಿ ಆರಿಸಿ ಅಪ್ಪ ಕೂಗುತ್ತಾನೆ:
"ಎಡಕ್ಕ ಐತಿ ನೋಡಲೇ,
ನನ್ನ ಉಳಿ ಗುರುತು."