ಅರ್ಧ ಇಂಚು

ಕೊಲಾಬಾದ ಗಲ್ಲಿಯಲ್ಲಿ ನನ್ನ ಅಂಗಡಿ.
ಒಂದು ಮಶೀನು, ಒಂದು ಕನ್ನಡಿ, ಬಿಸಿ ಆರದ ಇಸ್ತ್ರಿ.
ಎಪ್ಪತ್ನಾಲ್ಕರ ಶ್ರಾವಣದಲ್ಲಿ ಬಂದ,
ಫ್ರಾನ್ಸ್ ದೇಶದ ಕಿರಿಯ ಅಧಿಕಾರಿ,
ಮುಂಬಯಿ ಮಳೆಗೆ ಕುಗ್ಗಿದ ಉಣ್ಣೆಯ ಕೋಟು ಹಿಡಿದು.
ಹೆಸರು ರೆಮೀ ದೆಲ್ಕೂರ್ ಅಂದ.
ನಮ್ಮ ಗದಗಿನ ಕಡೆಯ ಅಡ್ಡಹೆಸರೇ ಇದ್ದಂತಿದೆಯಲ್ಲ!
ವಹಿಯಲ್ಲಿ ಬರೆದೆ: ದೆಲ್ಕೂರ, ಆರ್.
ಎದೆ ೩೬, ಸೊಂಟ ೨೮,
ಎಡಭುಜ ಅರ್ಧ ಇಂಚು ಕೆಳಗೆ.

ಹುಟ್ಟಿನಿಂದಲೇ? ಅಂದೆ.
ಅಪ್ಪನ ಜೊತೆ ಮನೆಮನೆಗೆ ಕಲ್ಲಿದ್ದಲು ಹೊತ್ತೆ, ಅಂದ,
ಅಂದವನೇ ಬಾಗಿಲ ಕಡೆ ನೋಡಿದ.

ಹತ್ತಿ ತುಂಬಿದೆ.
ಕನ್ನಡಿಯಲ್ಲಿ ಫ್ರಾನ್ಸು ನೆಟ್ಟಗೆ ನಿಂತಿತು.

ಆಮೇಲೆ ಡಕಾರ್, ಹನೋಯ್, ಇನ್ನೊಂದು ಊರು,
ಯುದ್ಧ ಮುಗಿದ ಮೇಲೆ ಅದರ ಹೆಸರೇ ಬದಲಾಯಿತಂತೆ.
ಅಲ್ಲಿಂದೆಲ್ಲ ಬಟ್ಟೆಯ ಗಂಟು ಬರುತ್ತಿತ್ತು,
ಚೀಟಿಯಲ್ಲಿ ಬರೀ ಹೊಸ ಸೊಂಟ.
೩೧. ೩೩.
ಬಡ್ತಿ ಸಿಕ್ಕಿದ್ದು ನನಗೆ ಗೊತ್ತಾಗುತ್ತಿದ್ದದ್ದು ಹಾಗೆ.

ತೊಂಬತ್ತೊಂದರಲ್ಲಿ ಕಾನ್ಸುಲ್ ಜನರಲ್ ಆಗಿ ಮರಳಿದ.
ಬಾವುಟದ ಕಾರು ಗಲ್ಲಿಗೆ ಹಿಡಿಸಲಿಲ್ಲ,
ಮೀನಿನ ಬುಟ್ಟಿ ದಾಟಿಕೊಂಡು ನಡೆದೇ ಬಂದ.
ಅವನ ಕಚೇರಿಯಲ್ಲಿ ಕಬ್ಬಿಣದ ಪೆಟ್ಟಿಗೆ, ಒಳಗೆ ಗುಪ್ತಲಿಪಿ.
ನನ್ನ ಡ್ರಾವರಿಗೆ ಬೀಗವೇ ಇಲ್ಲ.
ಅವನ ಪುಟ ತೆರೆದು ತೋರಿಸಿದೆ.
ಕನ್ನಡದ ಅಂಕಿಗಳ ಮೇಲೆ ಬೆರಳಾಡಿಸಿ
ಇದನ್ನು ಯಾರೂ ಒಡೆಯಲಾರರು, ಅಂದ.
ಭುಜ ಮುಕ್ಕಾಲು ಇಂಚಿಗೆ ಇಳಿದಿತ್ತು. ಹೇಳಲಿಲ್ಲ.

ಒಂದು ದಿನ ಪೇಪರಿನಲ್ಲಿ ಫೋಟೋ,
ಯಾರೋ ಮಂತ್ರಿಯ ಕೈ ಕುಲುಕುತ್ತಿದ್ದಾನೆ.
ಊರೆಲ್ಲ ಕೈ ನೋಡಿತು.
ನಾನು ಭುಜ ನೋಡಿದೆ.
ಕೂತಿತ್ತು.

ಕೊನೆಯ ಸಲ ಬಂದಾಗ ಕಾಲಲ್ಲಿ ಚಪ್ಪಲಿ,
ಹಿಂದೆ ಟ್ಯಾಕ್ಸಿಯವನ ತಲೆಯ ಮೇಲೆ ಐದು ಕೋಟು.
ಎಲ್ಲಾ ಮುಗೀತು, ಹತ್ತಿ ತೆಗೆದುಬಿಡು, ಅಂದ.
ಯಾವುದರದ್ದು?
ಎಲ್ಲದರದ್ದೂ.

ಬಿಚ್ಚಿದೆ. ಹಳದಿಯಾಗಿ, ಗಟ್ಟಿಯಾಗಿ,
ಹತ್ತಿಗೇ ಒಂದು ಭುಜ ಬಂದಿತ್ತು.
ಕರಿಯ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತ,
ಎಡಕ್ಕೆ ವಾಲಿ,
ಬೆನ್ನ ಮೇಲೆ ಈಗಷ್ಟೇ ಮೂಟೆ ಇಳಿಸಿದವನಂತೆ.
ಬಹಳ ಹೊತ್ತಿನ ಮೇಲೆ
ನಮ್ಮಪ್ಪ, ಅಂದ.

ಕೂಲಿ ಎಷ್ಟು ಎಂದು ಕೇಳಿದ.
ಹೊಲಿಯುವುದಕ್ಕೆ ದರ ಇದೆ, ಬಿಚ್ಚುವುದಕ್ಕೆ ಇಟ್ಟಿಲ್ಲ.

ಆ ಹತ್ತಿ ಎಸೆದಿಲ್ಲ.
ಸೂಜಿ ಚುಚ್ಚಿಡಲು ಬೇಕಾಗುತ್ತದೆ.